ಖಿನ್ನತೆಯ ಮಾತ್ರೆ: ಕೊನೆಯ 5 ಮಿಲಿಗ್ರಾಂ ಬಿಡುವುದು ಯಾಕೆ ಇಷ್ಟು ಕಷ್ಟ?

ಪ್ರಶ್ನೆ:

"ಡಾಕ್ಟ್ರೇ, ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಡಿಕೆ ತೋಟ ಇದೆ. ನನಗೀಗ 46 ವರ್ಷ. ಒಂಬತ್ತು ವರ್ಷದ ಹಿಂದೆ ನಮ್ಮಪ್ಪ ಇದ್ದಕ್ಕಿದ್ದ ಹಾಗೆ ಹೋಗಿಬಿಟ್ಟರು. ಅದಾದ ಮೇಲೆ ನನಗೆ ನಿದ್ದೆ ಇಲ್ಲ, ಊಟ ಸೇರುತ್ತಿರಲಿಲ್ಲ, ಎದೆ ಢವಢವ ಅನ್ನುತ್ತಿತ್ತು. ಬೆಳಿಗ್ಗೆ ಏಳುವುದೇ ಬೇಡ ಅನಿಸುತ್ತಿತ್ತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಎಸ್ಸಿಟಾಲೊಪ್ರಾಮ್ 10 ಮಿಲಿಗ್ರಾಂ ಮಾತ್ರೆ ಕೊಟ್ಟರು. ಎರಡು ಮೂರು ತಿಂಗಳಲ್ಲಿ ಚೆನ್ನಾಗಿ ಆದೆ. ಆಮೇಲೆ ಸಾಕು ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಳೇ ಚೀಟಿ ತೋರಿಸಿ ಮೆಡಿಕಲ್‌ನಿಂದ ತರುತ್ತಾ ಇದ್ದೇವೆ.

ಎರಡು ಸಲ ಬಿಡಲು ನೋಡಿದೆ. ಮೊದಲನೇ ಸಲ ಮಳೆಗಾಲದಲ್ಲಿ ರಸ್ತೆ ಬಂದ್ ಆಗಿ ಮಾತ್ರೆ ತರಲು ಆಗಲಿಲ್ಲ. ಹೇಗೂ ನಿಂತಿದೆಯಲ್ಲ, ಹಾಗೇ ಬಿಟ್ಟುಬಿಡೋಣ ಅಂದುಕೊಂಡೆ. ಮೂರನೇ ದಿನಕ್ಕೆ ತಲೆ ಸುತ್ತು, ವಾಕರಿಕೆ, ಕಣ್ಣು ಆಚೀಚೆ ತಿರುಗಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ಎರಡನೇ ಸಲ ಎರಡು ವಾರ ಅರ್ಧ ಮಾತ್ರೆ, ಆಮೇಲೆ ದಿನ ಬಿಟ್ಟು ದಿನ ಅರ್ಧ, ಆಮೇಲೆ ನಿಲ್ಲಿಸಿದೆ. ಒಂದು ವಾರದೊಳಗೆ ಸುಮ್ಸುಮ್ನೆ ಅಳು, ಮಕ್ಕಳ ಮೇಲೆ ರೇಗಾಟ, ಕೆಟ್ಟ ಕನಸು. ಮತ್ತೆ ಮಾತ್ರೆ ತಗೊಂಡೆ, ಎರಡೇ ದಿನಕ್ಕೆ ಎಲ್ಲ ಹೋಯಿತು. ನಮ್ಮನೆಯವರು 'ನಿಂಗೆ ಅದರ ಚಟ ಹತ್ತಿದೆ, ಮನಸ್ಸು ಗಟ್ಟಿ ಮಾಡ್ಕೊ' ಅಂತಾರೆ. ಓರಗಿತ್ತಿ 'ಕಾಯಿಲೆ ಒಳಗೇ ಇದೆ, ಸಾಯೋ ತನಕ ತಗೋಬೇಕು' ಅಂತಾಳೆ. ಮುಂದಿನ ಮೇ ತಿಂಗಳಲ್ಲಿ ಮಗಳ ಮದುವೆ. ಅಷ್ಟರೊಳಗೆ ಬಿಡಬೇಕು ಅಂತ ಆಸೆ. ಆಗುತ್ತಾ? ಮಿದುಳಿಗೆ ಏನಾದರೂ ಆಗಿಬಿಟ್ಟಿದೆಯಾ?"

ಉತ್ತರ:

ಮೊದಲು ನಿಮ್ಮ ಭಯಕ್ಕೆ ಉತ್ತರ. ನಿಮಗೆ ಚಟ ಹತ್ತಿಲ್ಲ. ಮಿದುಳು ಹಾಳಾಗಿದೆ ಅನ್ನುವುದಕ್ಕೆ ನೀವು ಬರೆದದ್ದರಲ್ಲಿ ಯಾವ ಗುರುತೂ ಇಲ್ಲ. ಎರಡು ಸಲವೂ ನೀವು ಅನುಭವಿಸಿದ್ದು ಹಳೇ ಕಾಯಿಲೆ ತಿರುಗಿ ಬಂದದ್ದರ ಹಾಗೆ ಕಾಣುತ್ತಿಲ್ಲ. ಮಾತ್ರೆಯನ್ನು ಬೇಗ ಬಿಟ್ಟಿದ್ದರಿಂದ ಆದ ತೊಂದರೆಯ ಹಾಗೇ ಇದೆ. ಬಿಡಲು ಸಾಧ್ಯವಾ ಅಂದರೆ, ಬಹಳ ಜನರಿಗೆ ಸಾಧ್ಯ. ಆದರೆ ನೀವು ಹಿಡಿದ ದಾರಿಯಲ್ಲಿ ಅಲ್ಲ, ಅಷ್ಟು ಬೇಗನೂ ಅಲ್ಲ.

ಇದೇ ಮಾತನ್ನು ಬೇರೆ ಬೇರೆ ರೂಪದಲ್ಲಿ ಸಾಗರ, ಹೊಸನಗರ, ಕೊಪ್ಪ ಕಡೆಯಿಂದ ಬರುವವರೂ ನನ್ನ ಹತ್ತಿರ ಹೇಳುತ್ತಾರೆ. ಹೆಚ್ಚಿನವರು ಮಾತ್ರೆ ಶುರು ಮಾಡಿದ್ದಕ್ಕೆ ಸರಿಯಾದ ಕಾರಣ ಇರುತ್ತದೆ. ನಿಲ್ಲಿಸುವ ಮಾತು ಮಾತ್ರ ಯಾರೂ ಎತ್ತಿರುವುದಿಲ್ಲ. ಮೊದಲನೇ ಸಲ ಖಿನ್ನತೆ ಬಂದವರು ಪೂರ್ತಿ ಚೇತರಿಸಿಕೊಂಡ ಮೇಲೆ ಆರರಿಂದ ಹನ್ನೆರಡು ತಿಂಗಳು ಮಾತ್ರೆ ಮುಂದುವರಿಸಿ, ಆಮೇಲೆ ಕೂತು ಯೋಚಿಸುವುದು ವಾಡಿಕೆ. ನಿಮ್ಮ ವಿಷಯದಲ್ಲಿ ಆ ಕೂತು ಯೋಚಿಸುವ ಕೆಲಸ ಆಗಲೇ ಇಲ್ಲ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಚಟವೂ ಅಲ್ಲ, 'ಏನೂ ಆಗಲ್ಲ' ಅನ್ನುವುದೂ ಅಲ್ಲ

ಚಟ ಹತ್ತಿದವರಿಗೆ ಆ ವಸ್ತುವಿನ ಮೇಲೆ ಸೆಳೆತ ಇರುತ್ತದೆ. ದಿನ ಹೋದ ಹಾಗೆ ಜಾಸ್ತಿ ಜಾಸ್ತಿ ಬೇಕಾಗುತ್ತದೆ. ಅದಕ್ಕಾಗಿ ಸುಳ್ಳು ಹೇಳುತ್ತಾರೆ, ಮನೆ ಕೆಲಸ ಬಿಡುತ್ತಾರೆ. ನೀವು ಒಂಬತ್ತು ವರ್ಷದಿಂದ ಅದೇ 10 ಮಿಲಿಗ್ರಾಂನಲ್ಲಿ ಇದ್ದೀರಿ. ತಗೊಂಡಾಗ ಅಮಲೂ ಇಲ್ಲ, ಖುಷಿಯೂ ಇಲ್ಲ. ಬಿಡಬೇಕು ಅಂತಲೇ ಒದ್ದಾಡುತ್ತಿದ್ದೀರಿ. ಇದನ್ನು ಚಟ ಅನ್ನುವುದು ಸರಿಯಲ್ಲ. ದಯವಿಟ್ಟು ಈ ಸಾಲುಗಳನ್ನು ನಿಮ್ಮ ಮನೆಯವರಿಗೂ ಓದಲು ಕೊಡಿ.

ಆದರೆ ಚಟ ಅಲ್ಲ ಅಂದ ಮಾತ್ರಕ್ಕೆ ಬಿಡುವಾಗ ತೊಂದರೆ ಇಲ್ಲ ಅಂತಲ್ಲ. ನಮ್ಮ ವೈದ್ಯಕೀಯ ವೃತ್ತಿ ಬಹಳ ವರ್ಷ ಹೀಗೇ ಹೇಳುತ್ತಾ ಬಂತು: ಸ್ವಲ್ಪ ತಲೆ ಸುತ್ತಬಹುದು, ಒಂದೆರಡು ವಾರದಲ್ಲಿ ತಾನಾಗಿ ಸರಿಹೋಗುತ್ತದೆ. ಇದನ್ನು ನಂಬಿ ಬಿಟ್ಟವರಿಗೆ ತಿಂಗಳುಗಟ್ಟಲೆ ತೊಂದರೆ ಆದಾಗ, ಅದು ಕಾಯಿಲೆ ಮರುಕಳಿಸಿದ್ದು ಅಂತ ಮತ್ತೆ ಮಾತ್ರೆ ಕೊಟ್ಟದ್ದೂ ಉಂಟು. 2019ರಲ್ಲಿ ಬ್ರಿಟನ್ನಿನ ಮನೋವೈದ್ಯರ ಸಂಸ್ಥೆ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್ ತನ್ನ ನಿಲುವು ಬದಲಿಸಿತು. ಕೆಲವರಿಗೆ ಈ ತೊಂದರೆ ಜೋರಾಗಿಯೂ ಇರಬಹುದು, ಬಹಳ ದಿನವೂ ಇರಬಹುದು ಅಂತ ಒಪ್ಪಿಕೊಂಡಿತು. ಅಲ್ಲಿನ ಚಿಕಿತ್ಸಾ ಮಾರ್ಗಸೂಚಿಯೂ ಅದೇ ವರ್ಷ ತಿದ್ದುಪಡಿ ಆಯಿತು. ರೋಗಿಗಳು ಅದಕ್ಕಿಂತ ಎಷ್ಟೋ ಮೊದಲೇ ಇದನ್ನು ಹೇಳುತ್ತಿದ್ದರು. ಅವರ ಮಾತು ಬೇಗ ಕೇಳಬೇಕಿತ್ತು.

ಎಷ್ಟು ಜನರಿಗೆ ಹೀಗಾಗುತ್ತದೆ ಅನ್ನುವುದರ ಬಗ್ಗೆ ಜಗಳ ಇನ್ನೂ ಇದೆ. 2024ರಲ್ಲಿ ಜರ್ಮನಿಯ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಮಾತ್ರೆ ಬಿಟ್ಟ 100 ಜನರಲ್ಲಿ ಸುಮಾರು 31 ಜನರಿಗೆ ಒಂದಲ್ಲ ಒಂದು ತೊಂದರೆ ಆಗಿತ್ತು. ಔಷಧಿಯೇ ಇಲ್ಲದ ಬರೀ ಹುಸಿ ಮಾತ್ರೆ ಬಿಟ್ಟವರಲ್ಲೂ 17 ಜನ ಹಾಗೇ ಹೇಳಿದ್ದರು. ಅಂದರೆ ಭಯದಿಂದಲೂ ಒಂದಷ್ಟು ಲಕ್ಷಣ ಬರುತ್ತದೆ, ಔಷಧಿ ಬಿಟ್ಟದ್ದರಿಂದಲೂ ಬರುತ್ತದೆ. ತೀವ್ರ ತೊಂದರೆ ಆದದ್ದು 100ರಲ್ಲಿ ಮೂರು ಜನರಿಗೆ. ಈ ಲೆಕ್ಕ ಸಮಾಧಾನ ಕೊಡುವಂಥದ್ದೇ. ಆದರೆ ಅದರಲ್ಲಿ ಸೇರಿದ ಅಧ್ಯಯನಗಳಲ್ಲಿ ಹೆಚ್ಚಿನವು ಕೆಲವೇ ವಾರ, ತಿಂಗಳು ಮಾತ್ರೆ ತಗೊಂಡವರದ್ದು. ನಿಮ್ಮ ಹಾಗೆ ವರ್ಷಗಟ್ಟಲೆ ತಗೊಂಡವರಿಗೆ ಇದನ್ನು ಹಾಗೆಯೇ ಅನ್ವಯಿಸಲು ನಾನು ಸಿದ್ಧನಿಲ್ಲ. ಜಾಸ್ತಿ ವರ್ಷ ತಗೊಂಡಷ್ಟೂ ಬಿಡುವಾಗ ಜಾಸ್ತಿ ಜೋಪಾನ ಬೇಕು. ಓಪಿಡಿಯಲ್ಲಿ ನಾನು ಕಾಣುವುದೂ ಇದನ್ನೇ.

ಒಳಗೆ ಆಗುವುದೇನು

'ಮಿದುಳಲ್ಲಿ ಸೆರೊಟೋನಿನ್ ಕಮ್ಮಿ ಇದೆ, ಅದನ್ನು ಮಾತ್ರೆ ತುಂಬಿಸುತ್ತದೆ' ಅಂತ ನಿಮಗೂ ಯಾರಾದರೂ ಹೇಳಿರಬಹುದು. ಸೆರೊಟೋನಿನ್ ಅಂದರೆ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ಒಂದು ರಾಸಾಯನಿಕ. ಅದು ಕಮ್ಮಿ ಇದೆ ಅನ್ನುವುದು ಹೇಳಲು ಸುಲಭ ಅಂತ ಬಳಕೆಗೆ ಬಂದ ಮಾತು. ಖಿನ್ನತೆಗೆ ಸೆರೊಟೋನಿನ್ ಕೊರತೆಯೇ ಕಾರಣ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ ಅಂತ 2022ರ ಒಂದು ದೊಡ್ಡ ಪರಿಶೀಲನೆ ಹೇಳಿತು. ಹಾಗಂತ ಮಾತ್ರೆ ಕೆಲಸ ಮಾಡುವುದಿಲ್ಲ ಅಂತ ಅರ್ಥ ಅಲ್ಲ. ನಿಮಗೆ ಅದು ಕೆಲಸ ಮಾಡಿದೆ. ನಾನು ಇದನ್ನು ಹೇಳಿದ್ದು ಬೇರೆ ಕಾರಣಕ್ಕೆ. ಕೊರತೆ ಅನ್ನುವ ಮಾತು ನಂಬಿದವರಿಗೆ, ಮಾತ್ರೆ ಬಿಟ್ಟರೆ ಆ ಕೊರತೆ ಮತ್ತೆ ಬರುತ್ತದೆ, ಹಾಗಾಗಿ ಸಾಯುವ ತನಕ ಬೇಕು ಅನಿಸುತ್ತದೆ. ನಿಮ್ಮ ಓರಗಿತ್ತಿ ಹೇಳಿದ್ದೂ ಅದನ್ನೇ ಅಲ್ವಾ? ಆ ತೀರ್ಮಾನಕ್ಕೆ ಬುಡ ಇಲ್ಲ.

ನರಕೋಶಗಳು ಹೊರಗೆ ಬಿಟ್ಟ ಸೆರೊಟೋನಿನ್ನನ್ನು ವಾಪಸ್ ಎಳೆದುಕೊಳ್ಳಲು ಒಂದು ಪ್ರೋಟೀನ್ ಇದೆ. ಎಸ್ಸಿಟಾಲೊಪ್ರಾಮ್ ಅದರ ಮೇಲೆ ಹೋಗಿ ಕೂತು, ವಾಪಸ್ ಎಳೆಯುವುದನ್ನು ತಡೆಯುತ್ತದೆ. ವರ್ಷಗಟ್ಟಲೆ ಹೀಗೇ ಇದ್ದಾಗ ಮಿದುಳು ಆ ಸ್ಥಿತಿಗೆ ಹೊಂದಿಕೊಂಡು ನಡೆಯುತ್ತದೆ. ಔಷಧಿ ಏಕಾಏಕಿ ಇಲ್ಲವಾದರೆ ಹಳೇ ಹೊಂದಾಣಿಕೆ ಹಾಗೇ ಉಳಿದಿರುತ್ತದೆ, ಅದಕ್ಕೆ ಕಾರಣವಾಗಿದ್ದ ಔಷಧಿ ಮಾತ್ರ ಇರುವುದಿಲ್ಲ. ತಲೆಯೊಳಗಿನ ಕರೆಂಟ್, ತಲೆ ಸುತ್ತು, ಅಳು, ಕನಸು ಎಲ್ಲ ಈ ನಡುವಿನ ಕಾಲದ್ದು. ಮಿದುಳು ಹೊಸ ಸ್ಥಿತಿಗೂ ಹೊಂದಿಕೊಳ್ಳುತ್ತದೆ. ಅದಕ್ಕೆ ಕಾಲ ಕೊಡಬೇಕು, ಅಷ್ಟೇ.

ಈಗ ಮುಖ್ಯ ವಿಷಯ. 10ರಿಂದ 5ಕ್ಕೆ ಇಳಿಸಿದಾಗ ಔಷಧಿಯ ಕೆಲಸ ಅರ್ಧಕ್ಕೆ ಇಳಿಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಐವತ್ತು ಸೀಟಿನ ಬಸ್ ಅಂದುಕೊಳ್ಳಿ. ಆ ಪ್ರೋಟೀನ್‌ಗಳೇ ಸೀಟು, ಔಷಧಿ ಪ್ರಯಾಣಿಕರು. ಮಿದುಳಿನ ಸ್ಕ್ಯಾನ್‌ಗಳಿಂದ ಸಿಕ್ಕ ಅಂದಾಜಿನ ಪ್ರಕಾರ 10 ಮಿಲಿಗ್ರಾಂ ತಗೊಂಡಾಗ ಸುಮಾರು 40 ಸೀಟು ತುಂಬಿರುತ್ತದೆ. 5ಕ್ಕೆ ಇಳಿಸಿದರೂ 35 ಸೀಟು ತುಂಬಿಯೇ ಇರುತ್ತದೆ. ಎರಡೂವರೆಗೆ ಇಳಿಸಿದರೆ ಸುಮಾರು 29. ಒಂದೂಕಾಲು ಮಿಲಿಗ್ರಾಂ ಅನ್ನುವ ಚೂರಿಗೂ ಸುಮಾರು 20 ಸೀಟು ತುಂಬಿರುತ್ತದೆ. ಆದ್ದರಿಂದ 10ರಿಂದ 5ಕ್ಕೆ ಬಂದಾಗ ಇಳಿದವರು ಐದೇ ಜನ. 5ರಿಂದ ಸೊನ್ನೆಗೆ ಹೋದಾಗ 35 ಜನ ಒಟ್ಟಿಗೇ ಇಳಿದರು. ನೀವು ಅರ್ಧ ಮಾತ್ರೆಯಲ್ಲಿ ಎರಡು ವಾರ ಆರಾಮಾಗಿ ಇದ್ದು, ಪೂರ್ತಿ ಬಿಟ್ಟ ಒಂದು ವಾರಕ್ಕೇ ಕುಸಿದದ್ದು ಇದೇ ಕಾರಣಕ್ಕೆ.

ಇದನ್ನು 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಸ್ಪಷ್ಟವಾಗಿ ಬರೆದು ತೋರಿಸಿದವರು ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್. ಹೊರೊವಿಟ್ಜ್ ಸ್ವತಃ ಖಿನ್ನತೆಯ ಮಾತ್ರೆ ಬಿಡಲು ಬಹಳ ಕಷ್ಟಪಟ್ಟ ವೈದ್ಯರು. ಅವರ ಸಲಹೆ ಸರಳ: ಕೆಳಗೆ ಬಂದ ಹಾಗೆ ಮೆಟ್ಟಿಲು ಸಣ್ಣದಾಗಬೇಕು. ನಾವು ಮಾಡುವುದು ತದ್ವಿರುದ್ಧ. ಮೇಲೆ ಸಣ್ಣ ಹೆಜ್ಜೆ ಇಟ್ಟು, ಕೊನೆಗೆ 'ಇನ್ನೇನು ಚೂರೇ ಇದೆಯಲ್ಲ' ಅಂತ ಬಿಟ್ಟುಬಿಡುತ್ತೇವೆ.

ದಿನ ಬಿಟ್ಟು ದಿನ ತಗೊಳ್ಳುವ ಉಪಾಯವನ್ನು ಕೆಲವು ವೈದ್ಯರೂ ಹೇಳುತ್ತಾರೆ. ಎಸ್ಸಿಟಾಲೊಪ್ರಾಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 30 ಗಂಟೆ ಸಾಕು. ಎರಡು ದಿನಕ್ಕೊಂದು ಮಾತ್ರೆ ಅಂದರೆ ಪ್ರತಿ ಸಲ ಮೂರರಲ್ಲಿ ಎರಡು ಪಾಲು ಖಾಲಿಯಾಗಿ ಮತ್ತೆ ಏರುತ್ತದೆ. ದೇಹಕ್ಕೆ ಅದು ದಿನಾ ಏರಿಳಿತ. ಎಷ್ಟು ಸಣ್ಣ ಡೋಸ್ ಆದರೂ ಸರಿ, ದಿನಾ ಒಂದೇ ಹೊತ್ತಿಗೆ ತಗೊಳ್ಳುವುದೇ ಒಳ್ಳೆಯದು.

ಕಾಯಿಲೆ ಮರುಕಳಿಸಿತಾ ಅಂತ ತಿಳಿಯುವುದು ಹೇಗೆ?

ದಿನ ನೋಡಬೇಕು. ಬಿಟ್ಟ ಎರಡು ಮೂರು ದಿನದಿಂದ ಒಂದೆರಡು ವಾರದೊಳಗೆ ಶುರುವಾದರೆ ಅದು ಹೆಚ್ಚಾಗಿ ಬಿಟ್ಟದ್ದರ ತೊಂದರೆ. ಖಿನ್ನತೆ ಮರಳುವುದಾದರೆ ಸಾಮಾನ್ಯವಾಗಿ ವಾರಗಳು, ತಿಂಗಳುಗಳು ಕಳೆದು ನಿಧಾನಕ್ಕೆ ಕವಿಯುತ್ತದೆ. ಮೈಯ ಲಕ್ಷಣ ನೋಡಬೇಕು. ತಲೆಯೊಳಗೆ ಕರೆಂಟ್, ಸುತ್ತು, ವಾಕರಿಕೆ ನಿಮಗೆ ಒಂಬತ್ತು ವರ್ಷದ ಹಿಂದೆ ಅಪ್ಪ ಹೋದಾಗ ಇದ್ದವಾ? ಇರಲಿಲ್ಲ ಅಂತ ನಿಮ್ಮ ಪತ್ರವೇ ಹೇಳುತ್ತದೆ. ಮತ್ತೆ ಮಾತ್ರೆ ತಗೊಂಡಾಗ ಎಷ್ಟು ಬೇಗ ಹೋಯಿತು ಅಂತ ನೋಡಬೇಕು. ನಿಮಗೆ ಎರಡೇ ದಿನ ಸಾಕಾಯಿತು. ಖಿನ್ನತೆಯೇ ಬಂದಿದ್ದರೆ ಮಾತ್ರೆ ಹಿಡಿಯಲು ವಾರಗಳೇ ಬೇಕು. ಮೊದಲನೇ ಸಲ ನಿಮಗೆ ಎರಡು ಮೂರು ತಿಂಗಳು ಬೇಕಾಗಿತ್ತಲ್ಲ.

ನಿದ್ದೆ ಕೆಡುವುದು, ಅಳು, ಆತಂಕ ಎರಡರಲ್ಲೂ ಬರುತ್ತವೆ. ಎಲ್ಲರ ವಿಷಯದಲ್ಲೂ ಇಷ್ಟು ಸಲೀಸಾಗಿ ಬೇರ್ಪಡಿಸಲು ಆಗುವುದಿಲ್ಲ. ಅದಕ್ಕೇ ಒಂದು ನೋಟ್‌ಬುಕ್ ಇಡಿ. ದಿನಾಂಕ, ಎಷ್ಟು ಮಿಲಿಗ್ರಾಂ, ನಿದ್ದೆ ಹೇಗಿತ್ತು, ಮನಸ್ಸು ಹೇಗಿತ್ತು, ಇಷ್ಟೇ ಬರೆದರೆ ಸಾಕು. ನನ್ನ ಮುಂದೆ ಕೂತವರು ಇಂಥ ಒಂದು ಪುಸ್ತಕ ತೆಗೆದರೆ ಅರ್ಧ ಅನುಮಾನ ಅಲ್ಲೇ ಬಗೆಹರಿಯುತ್ತದೆ.

ಮಲೆನಾಡಿನವರಿಗೆ ಇನ್ನೊಂದು ಮಾತು. ಮಾತ್ರೆ ಬಿಟ್ಟಾಗ ಮೈ ಕೈ ನೋವು, ಬೆವರು, ಸುಸ್ತು ಬಂದು ಜ್ವರ ಬಂದ ಹಾಗೆ ಅನಿಸಬಹುದು. ಆದರೆ ಥರ್ಮಾಮೀಟರ್‌ನಲ್ಲಿ ನಿಜವಾಗಿ ಜ್ವರ ಕಂಡರೆ ಅದನ್ನು ಮಾತ್ರೆಯ ಲೆಕ್ಕಕ್ಕೆ ಹಾಕಬೇಡಿ. ಬೇಸಿಗೆ ಕಡೆಗೆ ಮಂಗನ ಕಾಯಿಲೆ, ಮಳೆಗಾಲದಲ್ಲಿ ಇಲಿ ಜ್ವರ, ಡೆಂಗಿ ಎಲ್ಲ ಇರುವ ಜಾಗ ನಮ್ಮದು. ಅವತ್ತೇ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಬಿಡಲೇಬೇಕಾ?

ಈ ಪ್ರಶ್ನೆಯನ್ನು ನೀವು ಕೇಳಿಲ್ಲ. ಆದರೆ ನಿಮ್ಮ ಕಡೆಯಿಂದ ನಾನು ಕೇಳಬೇಕು. ಮಾತ್ರೆ ಮುಂದುವರಿಸುವುದು ಸೋಲಲ್ಲ. ಎರಡು ಮೂರು ಸಲ ಖಿನ್ನತೆ ಬಂದು ಹೋದವರು, ಜೀವ ಕಳೆದುಕೊಳ್ಳಲು ಹೋಗಿದ್ದವರು, ಬೈಪೋಲಾರ್ ಕಾಯಿಲೆ ಇರುವವರು, ಇನ್ನೂ ಪೂರ್ತಿ ಗುಣ ಆಗದವರು ನನ್ನ ಹತ್ತಿರ ಬಂದು ಬಿಡುತ್ತೇನೆ ಅಂದರೆ ನಾನು ಅವಸರ ಬೇಡ ಅನ್ನುತ್ತೇನೆ. ಬಸುರಿಯಾದವರು ಯಾರೋ ಹೇಳಿದರು ಅಂತ ದಿಢೀರ್ ನಿಲ್ಲಿಸಬಾರದು, ಮೊದಲು ವೈದ್ಯರನ್ನು ಕಾಣಬೇಕು.

ಬಿಟ್ಟರೆ ಮರುಕಳಿಸುವ ಅಪಾಯ ಎಷ್ಟು? 2021ರಲ್ಲಿ ಬ್ರಿಟನ್ನಿನ ಆಂಟ್ಲರ್ ಅನ್ನುವ ಅಧ್ಯಯನದ ಫಲಿತಾಂಶ ಬಂತು. ಬಹಳ ಕಾಲದಿಂದ ಮಾತ್ರೆಯಲ್ಲಿದ್ದು, ಈಗ ಚೆನ್ನಾಗಿದ್ದೇವೆ, ಬಿಡಬಹುದು ಅಂದುಕೊಂಡ 478 ಜನ ಅದರಲ್ಲಿ ಇದ್ದರು. ಒಂದು ವರ್ಷದೊಳಗೆ, ಮಾತ್ರೆ ಬಿಟ್ಟ 100 ಜನರಲ್ಲಿ 56 ಜನರಿಗೆ ಖಿನ್ನತೆ ಮರಳಿತು. ಮುಂದುವರಿಸಿದವರಲ್ಲಿ 39 ಜನರಿಗೆ ಮರಳಿತು. ನಾನು ಇದನ್ನು ಹೀಗೆ ಓದುತ್ತೇನೆ. ಬಿಡುವುದರಲ್ಲಿ ಅಪಾಯ ಇದೆ, ಮುಚ್ಚಿಡಬಾರದು. ಆದರೆ ಬಿಟ್ಟವರಲ್ಲಿ 44 ಜನ ಚೆನ್ನಾಗಿಯೇ ಇದ್ದರು, ಮಾತ್ರೆ ತಗೊಂಡ ಮಾತ್ರಕ್ಕೆ ಪೂರ್ತಿ ರಕ್ಷಣೆಯೂ ಇಲ್ಲ. ಅಲ್ಲಿ ಎರಡು ತಿಂಗಳೊಳಗೆ ಮಾತ್ರೆ ಬಿಡಿಸಿದ್ದರು. ವರ್ಷಗಟ್ಟಲೆ ತಗೊಂಡವರಿಗೆ ನನ್ನ ಪ್ರಕಾರ ಅದು ಬೇಗವೇ. ಮರುಕಳಿಸಿತು ಅಂತ ಎಣಿಸಿದ್ದರಲ್ಲಿ ಒಂದಷ್ಟು ಬಿಟ್ಟದ್ದರ ತೊಂದರೆಯೇ ಇರಬಹುದು.

ಮುಂದುವರಿಸುವುದಕ್ಕೂ ಅದರದ್ದೇ ತೊಂದರೆಗಳಿವೆ. ತೂಕ ಏರಬಹುದು, ಗಂಡ ಹೆಂಡತಿ ಸಂಬಂಧದಲ್ಲಿ ಆಸಕ್ತಿ ಕಮ್ಮಿಯಾಗಬಹುದು. ಅಳುವೂ ಬರದೆ ನಗುವೂ ಬರದೆ ಎಲ್ಲ ಮಂಕಾಗಿದೆ ಅಂತ ಕೆಲವರು ಹೇಳುತ್ತಾರೆ. ವಯಸ್ಸಾದವರಲ್ಲಿ ರಕ್ತದ ಸೋಡಿಯಂ (ಉಪ್ಪಿನ ಅಂಶ) ಇಳಿಯಬಹುದು. ಮಂಡಿ ನೋವಿಗೆ ಅಂತ ಮೆಡಿಕಲ್‌ನಿಂದ ಡೈಕ್ಲೊಫಿನಾಕ್, ಐಬುಪ್ರೊಫೆನ್ ತಂದು ಇದರ ಜೊತೆ ನುಂಗಿದರೆ ಹೊಟ್ಟೆಯೊಳಗೆ ರಕ್ತಸ್ರಾವದ ಅಪಾಯ ಜಾಸ್ತಿ. ನಮ್ಮ ಕಡೆ ಇದು ಬಹಳ ನಡೆಯುತ್ತದೆ, ದಯವಿಟ್ಟು ಗಮನ ಇಡಿ.

ನಿಮಗೆ ಒಂದೇ ಸಲ ಕಾಯಿಲೆ ಬಂದಿದೆ, ಅದಕ್ಕೆ ಸ್ಪಷ್ಟ ಕಾರಣ ಇತ್ತು, ಎಷ್ಟೋ ವರ್ಷದಿಂದ ಚೆನ್ನಾಗಿದ್ದೀರಿ. ನೀವು ಬರೆದಷ್ಟು ನೋಡಿದರೆ ಬಿಡಲು ಪ್ರಯತ್ನಿಸುವುದು ತಪ್ಪಲ್ಲ. ನಿರ್ಧಾರ ನಿಮ್ಮದು. ಗಂಡನದ್ದೂ ಅಲ್ಲ, ಓರಗಿತ್ತಿಯದ್ದೂ ಅಲ್ಲ.

ಹೋಗುವ ದಾರಿ

ಮೊದಲು ಸ್ಟ್ರಿಪ್ಪಿನ ಹಿಂಭಾಗ ಓದಿ. ಎಸ್ಸಿಟಾಲೊಪ್ರಾಮ್ ಒಂದೇ ಇದೆಯಾ, ಅದರ ಜೊತೆ ಕ್ಲೊನಾಜೆಪಾಮ್ (ಆತಂಕ ಇಳಿಸಲು ಕೊಡುವ ಬೇರೆ ಔಷಧಿ) ಅಂತಲೂ ಬರೆದಿದೆಯಾ? ನಮ್ಮ ದೇಶದಲ್ಲಿ ಎರಡೂ ಸೇರಿದ ಮಾತ್ರೆ ಧಾರಾಳ ಸಿಗುತ್ತದೆ. ಎಷ್ಟೋ ಜನಕ್ಕೆ ತಾವು ಎರಡು ಔಷಧಿ ತಗೊಳ್ಳುತ್ತಿದ್ದೇವೆ ಅಂತಲೇ ಗೊತ್ತಿರುವುದಿಲ್ಲ. ಕ್ಲೊನಾಜೆಪಾಮ್ ದಿಢೀರ್ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಹಾಗಿದ್ದರೆ ಲೆಕ್ಕವೇ ಬೇರೆ, ಎರಡನ್ನೂ ಬೇರೆ ಮಾಡಿ ಒಂದೊಂದಾಗಿ ಇಳಿಸಬೇಕು. ಅದು ವೈದ್ಯರ ಕಣ್ಣೆದುರೇ ಆಗಬೇಕಾದ ಕೆಲಸ.

ಬರೀ ಎಸ್ಸಿಟಾಲೊಪ್ರಾಮ್ ಆಗಿದ್ದರೆ 5 ಮಿಲಿಗ್ರಾಂನ ಮಾತ್ರೆ ಬರೆಸಿಕೊಳ್ಳಿ. ಮಾತ್ರೆ ಕತ್ತರಿಸುವ ಸಣ್ಣ ಪೆಟ್ಟಿಗೆ ಸಿಗುತ್ತದೆ, ಅದನ್ನೂ ತಗೊಳ್ಳಿ. ನಿಮ್ಮಂಥವರಿಗೆ ನಾನು ಸಾಮಾನ್ಯವಾಗಿ ಹೀಗೆ ಹೇಳುತ್ತೇನೆ: ಒಂದೂವರೆ ಮಾತ್ರೆ, ಅಂದರೆ 7.5 ಮಿಲಿಗ್ರಾಂ. ಆಮೇಲೆ ಒಂದು, 5. ಆಮೇಲೆ ಮುಕ್ಕಾಲು, 3.75. ಆಮೇಲೆ ಅರ್ಧ, 2.5. ಆಮೇಲೆ ಕಾಲು, 1.25. ಒಂದೊಂದರಲ್ಲೂ ಕನಿಷ್ಠ ನಾಲ್ಕು ವಾರ, ಕೆಳಗೆ ಬಂದ ಮೇಲೆ ಆರು ವಾರ. ಕಾಲು ಮಾತ್ರೆಯಿಂದ ಸೊನ್ನೆಗೆ ಹೋಗುವುದೇ ಕೆಲವರಿಗೆ ಕಷ್ಟ ಆಗುತ್ತದೆ. ಅವರಿಗೆ ಅದಕ್ಕಿಂತ ಸಣ್ಣ ಡೋಸ್ ಹೇಗೆ ಮಾಡಿಕೊಳ್ಳುವುದು ಅಂತ ನಾನೂ ಔಷಧಿ ಅಂಗಡಿಯವರೂ ಸೇರಿ ಹೇಳಿಕೊಡುತ್ತೇವೆ. ನೆದರ್ಲೆಂಡ್ಸ್‌ನಲ್ಲಿ ಇಂಥವರಿಗೆ ಅಂತಲೇ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಕಮ್ಮಿ ಡೋಸ್ ಇರುವ ಪೊಟ್ಟಣಗಳ ಸುರುಳಿ ಮಾಡಿದ್ದಾರೆ. ನಮ್ಮಲ್ಲಿ ಅದು ಸುಲಭವಾಗಿ ಸಿಗುವಂತಾದರೆ ಎಷ್ಟು ಜನಕ್ಕೆ ಉಪಕಾರ ಆಗುತ್ತಿತ್ತು!

ಕತ್ತರಿಸಿದ ಚೂರು ಸ್ವಲ್ಪ ಹೆಚ್ಚು ಕಮ್ಮಿ ಆದರೆ ಚಿಂತೆ ಬೇಡ. ಆದರೆ ನಮ್ಮ ಮಳೆಗಾಲದ ತೇವಕ್ಕೆ ಕತ್ತರಿಸಿದ ಮಾತ್ರೆ ಬೇಗ ಮೆತ್ತಗಾಗುತ್ತದೆ. ನಾಲ್ಕೈದು ದಿನಕ್ಕಾಗುವಷ್ಟು ಮಾತ್ರ ಕತ್ತರಿಸಿ, ಬಿಗಿ ಮುಚ್ಚಳದ ಸಣ್ಣ ಬಾಟಲಿಯಲ್ಲಿ ಇಡಿ. ಒಲೆ ಮೇಲಿನ ಶೆಲ್ಫ್ ಬೇಡ.

ಒಂದು ಮೆಟ್ಟಿಲು ಇಳಿದಾಗ ತೊಂದರೆ ಜಾಸ್ತಿ ಆದರೆ ಅಲ್ಲೇ ನಿಲ್ಲಿ. ಸಹಿಸಲು ಆಗದಿದ್ದರೆ ಹಿಂದಿನ ಮೆಟ್ಟಿಲಿಗೆ ಹೋಗಿ. ಅಲ್ಲಿಂದ ಇನ್ನೂ ಸಣ್ಣ ಹೆಜ್ಜೆ. ಆರು ತಿಂಗಳು ಅಂತ ಶುರು ಮಾಡಿ ಒಂದೂವರೆ ವರ್ಷ ಆದವರಿದ್ದಾರೆ. 2.5ರಲ್ಲಿ ಆರಾಮಾಗಿ ಇದ್ದೇನೆ, ಸದ್ಯಕ್ಕೆ ಇಷ್ಟೇ ಸಾಕು ಅಂದವರೂ ಇದ್ದಾರೆ. ಅದೂ ಒಂದು ದಾರಿಯೇ.

ಇದನ್ನು ಓದುವ ಬೇರೆಯವರಿಗೆ ಒಂದು ಎಚ್ಚರಿಕೆ. ಈ ಲೆಕ್ಕ ಸಾದಾ ಎಸ್ಸಿಟಾಲೊಪ್ರಾಮ್ ಮಾತ್ರೆಗೆ. ಡೆಸ್‌ವೆನ್ಲಾಫ್ಯಾಕ್ಸಿನ್‌ನಂಥ ನಿಧಾನಕ್ಕೆ ಬಿಡುಗಡೆಯಾಗುವ ಮಾತ್ರೆಯನ್ನು ಕತ್ತರಿಸಲೇಬಾರದು. ವೆನ್ಲಾಫ್ಯಾಕ್ಸಿನ್, ಪ್ಯಾರಾಕ್ಸೆಟಿನ್ ದೇಹದಿಂದ ಬೇಗ ಹೋಗುವಂಥವು. ವೆನ್ಲಾಫ್ಯಾಕ್ಸಿನ್ ಒಂದು ದಿನ ತಪ್ಪಿದರೂ ಕೆಲವರಿಗೆ ಗೊತ್ತಾಗುತ್ತದೆ. ಅಂಥ ಕಡೆ ವೈದ್ಯರು ಫ್ಲುಯೊಕ್ಸೆಟಿನ್ ಅನ್ನುವ ಇನ್ನೊಂದು ಖಿನ್ನತೆಯ ಮಾತ್ರೆಗೆ ಬದಲಾಯಿಸಿ ಇಳಿಸುವುದುಂಟು. ಅದು ಮತ್ತು ಅದರಿಂದ ದೇಹದಲ್ಲಿ ಹುಟ್ಟುವ ವಸ್ತು ವಾರಗಟ್ಟಲೆ ಉಳಿಯುವುದರಿಂದ ಇಳಿಯುವುದು ನಯವಾಗಿರುತ್ತದೆ. ಆದರೆ ಬದಲಾಯಿಸುವಾಗಲೇ ಚಡಪಡಿಕೆ ಬರಬಹುದು, ಬೇರೆ ಔಷಧಿಗಳ ಜೊತೆ ಹೊಂದದೆಯೂ ಹೋಗಬಹುದು. ಎಸ್ಸಿಟಾಲೊಪ್ರಾಮ್‌ಗೆ ಇದನ್ನು ನಾನು ಮೊದಲ ದಾರಿಯಾಗಿ ಹೇಳುವುದಿಲ್ಲ.

ಒಂದೆಲಗದ ತಂಬುಳಿ, ಬ್ರಾಹ್ಮಿ ಎಣ್ಣೆ, ಅಶ್ವಗಂಧದ ಪುಡಿ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ತಂಬುಳಿ ಊಟಕ್ಕೆ ಚೆನ್ನ, ಧಾರಾಳವಾಗಿ ಮಾಡಿಕೊಳ್ಳಿ. ಮಾತ್ರೆಯ ಬದಲಿಗೆ ಅದು ನಿಲ್ಲುವುದಿಲ್ಲ. ಪುಡಿ, ಲೇಹ್ಯ ಏನೇ ಹೊಸದಾಗಿ ಶುರು ಮಾಡಿದರೂ ವೈದ್ಯರಿಗೆ ಹೇಳಿ.

ಮಾತಿನ ಚಿಕಿತ್ಸೆಗೆ ಮಾತ್ರ ಗಟ್ಟಿ ಆಧಾರ ಇದೆ. 2015ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ, ಧ್ಯಾನವೂ ಸೇರಿದ ಮಾತಿನ ಚಿಕಿತ್ಸೆ ಪಡೆಯುತ್ತಾ ಮಾತ್ರೆ ಇಳಿಸಿದವರಿಗೂ, ಮಾತ್ರೆ ಮುಂದುವರಿಸಿದವರಿಗೂ ಎರಡು ವರ್ಷದಲ್ಲಿ ಮರುಕಳಿಸಿದ್ದು ಹೆಚ್ಚು ಕಮ್ಮಿ ಒಂದೇ: 100ಕ್ಕೆ 44 ಮತ್ತು 47. ಹಳ್ಳಿಯಲ್ಲಿ ಅಂಥ ಚಿಕಿತ್ಸೆ ಸಿಗುವುದು ಕಷ್ಟ, ನನಗೆ ಗೊತ್ತು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ.

ಯಾವಾಗ ಶುರು ಮಾಡುವುದು

ಮೇ ತಿಂಗಳ ಮದುವೆಯೊಳಗೆ ಪೂರ್ತಿ ಬಿಡುವ ಆಸೆ ಬಿಡಿ. ಕೊಯ್ಲು, ಸುಲಿಯುವುದು, ಬೇಯಿಸುವುದು ಮುಗಿಯುವ ತನಕ ನಿಮ್ಮ ಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಫೆಬ್ರವರಿ ಹೊತ್ತಿಗೆ 7.5ಕ್ಕೆ ಇಳಿಯಬಹುದು, ಮಾರ್ಚ್ ಕೊನೆಗೆ 5ಕ್ಕೆ. ಇವೆರಡು ಸುಲಭದ ಮೆಟ್ಟಿಲು. ಮದುವೆ ಮುಗಿದು ಮಗಳನ್ನು ಕಳಿಸಿಕೊಡುವ ತನಕ 5ರಲ್ಲೇ ಇರಿ. ಮಗಳು ಹೋದ ಮನೆಯ ಖಾಲಿತನವೂ ಚಿಕ್ಕದಲ್ಲ, ಜೂನ್ ಜುಲೈಯ ಕತ್ತಲೆ ಮಳೆಯೂ ಅದೇ ಹೊತ್ತಿಗೆ ಬರುತ್ತದೆ. ಆಗ ಮನಸ್ಸು ಸ್ಥಿಮಿತದಲ್ಲಿದೆ ಅನಿಸಿದರೆ ಮುಕ್ಕಾಲಿಗೆ ಇಳಿಯಿರಿ, ಇಲ್ಲದಿದ್ದರೆ ಗಣಪತಿ ಹಬ್ಬ ಕಳೆಯಲಿ. ಮಳೆ ಹಿಡಿಯುವ ಮುಂಚೆ ಒಂದು ತಿಂಗಳ ಮಾತ್ರೆ ಜಾಸ್ತಿ ತಂದಿಡಿ. ರಸ್ತೆ ಬಂದ್ ಆಗಿದ್ದಕ್ಕೆ ಮಾತ್ರೆ ನಿಲ್ಲುವ ಹಾಗೆ ಮತ್ತೆ ಆಗಬಾರದು.

ಪ್ರತಿ ಸಲ ಇಳಿಸಿದ ಮೊದಲ ವಾರ ಸ್ಕೂಟಿ ಓಡಿಸುವಾಗ ಎಚ್ಚರ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೆಲಸದವರಿಗೆ ನಾನು ಕೊಯ್ಲಿನ ಕಾಲದಲ್ಲಿ ಡೋಸ್ ಮುಟ್ಟುವುದೇ ಇಲ್ಲ. ಒಂದು ಕ್ಷಣ ತಲೆ ಸುತ್ತಿದರೂ ಅಲ್ಲಿ ಜೀವಕ್ಕೇ ಅಪಾಯ.

ನಿಮ್ಮ ಮನೆಯವರು ಮಾಡಬೇಕಾದ ಕೆಲಸ ಒಂದೇ. ಇಳಿಸಿದ ದಿನ ಕ್ಯಾಲೆಂಡರ್‌ನಲ್ಲಿ ಅವರೇ ಗುರುತು ಹಾಕಲಿ. ಮುಂದಿನ ಎರಡು ವಾರ ನೀವು ರೇಗಿದರೆ, ಅತ್ತರೆ, ಬುದ್ಧಿ ಹೇಳದೆ ಆ ಗುರುತು ನೋಡಲಿ. ಕೆಲವು ವಿಷಯಕ್ಕೆ ಮಾತ್ರ ಅವರು ಕಾಯಬಾರದು. ಬದುಕು ಬೇಡ ಅನ್ನುವ ಮಾತು ಬಂದರೆ, ನಾಲ್ಕೈದು ರಾತ್ರಿ ನಿದ್ದೆಯೇ ಇಲ್ಲದೆ ವಿಪರೀತ ಹುರುಪು, ವಿಪರೀತ ಮಾತು ಶುರುವಾದರೆ, ಎರಡು ವಾರ ಕಳೆದರೂ ಊಟ ಕೆಲಸ ಏನೂ ಆಗದಿದ್ದರೆ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಬರಬೇಕು. ರಾತ್ರಿಯಾಗಿದ್ದರೆ ಅದೇ 14416ಕ್ಕೆ ಫೋನ್ ಮಾಡಿ, ಒಬ್ಬರನ್ನೇ ಬಿಡಬಾರದು.

ಯಾರನ್ನು ಕಾಣುವುದು ಅಂದರೆ, ನಿಮಗೆ ಮೊದಲು ಮಾತ್ರೆ ಬರೆದ ವೈದ್ಯರು ಸಿಕ್ಕರೆ ಅವರೇ ಒಳ್ಳೆಯದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಅಷ್ಟು ದೂರ ಬರಲಾಗದಿದ್ದರೆ, ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮಲ್ಲಿ ಯಾವ ವಾರ ಬರುತ್ತಾರೆ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ. ಖಾಲಿ ಸ್ಟ್ರಿಪ್, ಹಳೇ ಚೀಟಿ, ಬೇರೆ ಏನೇನು ಮಾತ್ರೆ ತಗೊಳ್ಳುತ್ತೀರೋ ಎಲ್ಲ ಒಂದು ಚೀಲದಲ್ಲಿ ಇರಲಿ. ಅವರು 'ಚೆನ್ನಾಗಿದ್ದೀರಲ್ಲ, ಯಾಕೆ ಬಿಡಬೇಕು' ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ, ಬೇಜಾರು ಮಾಡಿಕೊಳ್ಳಬೇಡಿ. ನನಗೆ ಬರೆದ ಹಾಗೆಯೇ ಎರಡು ಸಲ ಏನಾಯಿತು ಅಂತ ದಿನದ ಲೆಕ್ಕದಲ್ಲಿ ಹೇಳಿ, 5 ಮಿಲಿಗ್ರಾಂ ಮಾತ್ರೆಯಲ್ಲಿ ನಿಧಾನಕ್ಕೆ ಇಳಿಯಬೇಕು ಅಂತಿದ್ದೇನೆ, ನಡುವೆ ಕಷ್ಟ ಆದರೆ ನಿಮಗೆ ಫೋನ್ ಮಾಡಬಹುದಾ ಅಂತ ಕೇಳಿ.